ಅಮ್ಮನೂ ಸರ್ಪವೂ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ ಒಂದು ಚಟವಿರುತ್ತದೆ. ಯಾರಾದರೂ ಕಾಯಿಲೆ ಬಿದ್ದರೆಂದು ತಿಳಿದಾಗ ಉಳಿದವರು ಜ್ವರ ಎಷ್ಟಿದೆ, ಊಟ ಸೇರುತ್ತದೆಯೆ ಎಂದು ಕೇಳುತ್ತಾರೆ. ನಾವು ಆ ಕಾಯಿಲೆಗೆ ಆ ಹೆಸರು ಎಲ್ಲಿಂದ ಬಂತೆಂದು ಯೋಚಿಸುತ್ತ ಕೂರುತ್ತೇವೆ. ಇದರಿಂದ ರೋಗಿಗೆ ಲಾಭವಿಲ್ಲವೆಂಬುದು ನನಗೂ ಗೊತ್ತು. ಆದರೂ ಒಮ್ಮೊಮ್ಮೆ ಹೆಸರಿನ ಜಾಡು ಹಿಡಿದು ಹೊರಟವನು ರೋಗದ ಮನೆಯ ಬಾಗಿಲಿಗೇ ಹೋಗಿ ನಿಲ್ಲುವುದುಂಟು. ಈಗ ಹೇಳಹೊರಟಿರುವುದು ಅಂಥ ಒಂದು ಸಂಗತಿ.

ನನ್ನ ಪ್ರಪಂಚ ದೊಡ್ಡದಲ್ಲ. ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಹಳ್ಳಿಯಲ್ಲಿ, ಅಡಕೆ ತೋಟಗಳ ನಡುವೆ. ಅನ್ನಕ್ಕೆ ದಾರಿಯಾದದ್ದು ಹೊನ್ನಾಳಿಯ ಕಡೆ, ಹೊಳೆಯ ದಡದಲ್ಲಿ. ನಮ್ಮ ಅಕ್ಕನನ್ನು ಕೊಟ್ಟಿರುವುದು ಜಗಳೂರು ಸೀಮೆಗೆ. ಹೆಂಡತಿಯ ತವರು ನ್ಯಾಮತಿಯ ಹತ್ತಿರ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ತಾಲ್ಲೂಕಾದದ್ದಂತೂ ಈಚಿನ ಮಾತು. ಮಣ್ಣು ಬೇರೆ, ಮಳೆ ಬೇರೆ, ಮಾತಿನ ರಾಗವೂ ಅಷ್ಟಿಷ್ಟು ಬೇರೆ. ಆದರೆ ಈ ನಾಲ್ಕು ಕಡೆಯೂ ಎರಡು ಕಾಯಿಲೆಗಳ ಹೆಸರನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ‘ಅಮ್ಮ’, ಇನ್ನೊಂದು ‘ಸರ್ಪಸುತ್ತು’. ಮೊದಲನೆಯದು ಮಕ್ಕಳಿಗೆ, ಎರಡನೆಯದು ವಯಸ್ಸಾದವರಿಗೆ. ಒಂದು ದೇವಿ, ಇನ್ನೊಂದು ನಾಗ. ಇವೆರಡಕ್ಕೂ ನಂಟಿದೆಯೆಂದು ಹೇಳಿದವರನ್ನು ನಾನು ಹಳ್ಳಿಯಲ್ಲಿ ಕಂಡಿಲ್ಲ.

ಮೊದಲು ಹೆಸರಿನ ವಿಚಾರ ಮುಗಿಸಿಬಿಡುತ್ತೇನೆ, ಚಟ ತೀರಲಿ. ಸರ್ಪಸುತ್ತಿಗೆ ವೈದ್ಯರು ಇಟ್ಟಿರುವ ಹೆಸರು ಹರ್ಪಿಸ್ ಝೋಸ್ಟರ್. ಎರಡೂ ಗ್ರೀಕ್ ಮಾತುಗಳು. ಝೋಸ್ಟರ್ ಎಂದರೆ ಸೊಂಟಕ್ಕೆ ಸುತ್ತುವ ಪಟ್ಟಿ. ಹರ್ಪಿಸ್ ಎಂಬುದು ತೆವಳು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಸಂಸ್ಕೃತದಲ್ಲಿ ಇದೇ ಅರ್ಥದ ಧಾತು ‘ಸೃಪ್’; ಅದರಿಂದ ಹುಟ್ಟಿದ್ದು ‘ಸರ್ಪ’. ಗ್ರೀಕ್ ಧಾತುವೂ ಸಂಸ್ಕೃತದ ಧಾತುವೂ ಒಂದೇ ಬೇರಿನ ಎರಡು ಚಿಗುರೆಂದು ಭಾಷಾಶಾಸ್ತ್ರಜ್ಞರು ಒಪ್ಪಿದ್ದಾರೆ. ಹಳೆಯ ‘ಸ’ಕಾರ ಗ್ರೀಕರ ಬಾಯಲ್ಲಿ ‘ಹ’ಕಾರವಾಯಿತು, ಅಷ್ಟೆ, ನಮ್ಮ ಹಳಗನ್ನಡದ ಪಾಲು ಹಾಲಾದ ಹಾಗೆ ಅದೂ ಒಂದು ಬದಲಾವಣೆ. ಹಾಗಾದ ಮೇಲೆ ಹರ್ಪಿಸ್ ಎಂದರೂ ಸರ್ಪ ಎಂದರೂ ಮೂಲದಲ್ಲಿ ತೆವಳುವುದೇ; ಝೋಸ್ಟರ್ ಎಂದರೂ ಸುತ್ತು ಎಂದರೂ ನಡುವನ್ನು ಬಳಸುವುದೇ. ನಮ್ಮ ಅಜ್ಜಿಯರು ಗ್ರೀಕ್ ಕಲಿತವರಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೆಸರಿಸಿದರು. ಅಲ್ಲಿಯವರೂ ಹಾಗೆಯೆ ಮಾಡಿದರು. ಈ ಮಾತನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ಒಂದು ಗಳಿಗೆ ತಲೆಯೆತ್ತಿ ನೋಡಿದರು. ನನ್ನ ಪಾಠದಲ್ಲಿ ಅದು ಅಪರೂಪ.

ಇನ್ನು ಅಮ್ಮನ ವಿಚಾರ. ನಮ್ಮ ಮನೆಗೆ ಅಮ್ಮ ಬಂದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಮೊದಲು ಅಕ್ಕನಿಗೆ, ಹದಿನೈದು ದಿನ ಕಳೆದು ನನಗೆ. ಚಿಕನ್‌ಪಾಕ್ಸ್ ಎಂಬ ಮಾತು ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಕೆಲವರು ಸೀತಾಳೆ ಸಿಡುಬು ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮನೆಯಲ್ಲಿ ಒಗ್ಗರಣೆ ನಿಂತಿತು. ನಮ್ಮವ್ವ ನಮ್ಮೊಡನೆ ಮಾತಾಡುವಾಗ ದನಿ ತಗ್ಗಿಸಿ, ಎಂದೂ ಇಲ್ಲದ ಮರ್ಯಾದೆಯಿಂದ ಮಾತಾಡುತ್ತಿದ್ದಳು. ಮೈಮೇಲೆ ದೇವಿ ಇದ್ದಾಳಲ್ಲ! ಬೈಗುಳವಿಲ್ಲದ ಆ ದಿನಗಳು ನನಗೆ ಈಗಲೂ ನೆನಪಿವೆ. ಗುಳ್ಳೆಗಳೆಲ್ಲ ಬಾಡಿ ಹೊಪ್ಪಳೆ ಉದುರಿದ ಮೇಲೆ ಬೇವಿನ ನೀರಿನ ಸ್ನಾನವಾಯಿತು. ಮೊಸರನ್ನದ ಎಡೆಯನ್ನು ಊರ ಗಡಿಯ ಬೇವಿನ ಮರದ ಬುಡಕ್ಕೆ ಒಯ್ದು ಇಟ್ಟು, ‘ತಣ್ಣಗೆ ಹೋಗಿ ಬಾ ತಾಯಿ’ ಎಂದು ಕೈಮುಗಿದು, ಹಿಂದಿರುಗಿ ನೋಡದೆ ಬಂದರು. ಅಮ್ಮನನ್ನು ಕಳಿಸಿದೆವು ಎಂದರು. ಎಲ್ಲರ ಮನಸ್ಸೂ ಹಗುರವಾಯಿತು.

ಆದರೆ ಅಮ್ಮ ಹೋಗಿರಲಿಲ್ಲ. ಹೋಗಿ ಬಾ ಎಂದು ಹೇಳಿದ ಮಾತಿನಲ್ಲಿ ‘ಬಾ’ ಎಂಬುದನ್ನು ಮಾತ್ರ ಕೇಳಿಸಿಕೊಂಡಿದ್ದಳೆಂದು ತೋರುತ್ತದೆ.

ವೈದ್ಯಶಾಸ್ತ್ರ ಹೇಳುವುದನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತೇನೆ. ಈ ಕಾಯಿಲೆಯನ್ನು ತರುವ ವೈರಸ್ಸು ಉಸಿರಿನ ಮೂಲಕ ಒಳಗೆ ಬಂದು, ಸುಮಾರು ಎರಡು ವಾರ ಸದ್ದಿಲ್ಲದೆ ಬೆಳೆದು, ಆಮೇಲೆ ಮೈತುಂಬ ಗುಳ್ಳೆಯಾಗಿ ಏಳುತ್ತದೆ. ದೇಹದ ಕಾವಲುಪಡೆ ಅದನ್ನು ಹೊಡೆದಟ್ಟುತ್ತದೆ. ಹೊಡೆತಕ್ಕೆ ಸಿಕ್ಕದ ಕೆಲವು ವೈರಸ್ಸುಗಳು ಚರ್ಮದ ನರದ ಎಳೆಗಳನ್ನು ಹಿಡಿದು ಒಳಗೊಳಗೇ ಹತ್ತಿಕೊಂಡು ಹೋಗಿ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ಸೇರುತ್ತವೆ. ಅಲ್ಲಿ, ನರದ ಕಣದ ನಡುಮನೆಯಲ್ಲಿ, ವೈರಸ್ಸಿನ ಕವಚವೆಲ್ಲ ಕಳಚಿ, ಅದರ ಬೀಜರೂಪದ ಎಳೆಯೊಂದು ಬಳೆಯಂತೆ ಸುತ್ತಿಕೊಂಡು ಉಳಿಯುತ್ತದೆ. ಬೆಳೆಯುವುದಿಲ್ಲ, ಮರಿ ಹಾಕುವುದಿಲ್ಲ, ಯಾರಿಗೂ ಅಂಟುವುದಿಲ್ಲ. ರಕ್ತವನ್ನು ಎಷ್ಟು ಪರೀಕ್ಷೆ ಮಾಡಿದರೂ ಈ ಹಿಂದೆ ಕಾಯಿಲೆ ಬಂದಿತ್ತೆಂಬ ಗುರುತು ಸಿಕ್ಕೀತೆ ಹೊರತು ಮಲಗಿರುವವನು ಸಿಕ್ಕುವುದಿಲ್ಲ. ಹತ್ತು ವರ್ಷ, ನಲವತ್ತು ವರ್ಷ, ಕೆಲವರಲ್ಲಿ ಜೀವಮಾನವೆಲ್ಲ ಹೀಗೆಯೆ ಕಳೆಯುತ್ತದೆ.

ಜಗಳೂರಿನ ಕಡೆ ಬೇಸಗೆಯಲ್ಲಿ ಹೋದವರಿಗೆ ಇದನ್ನು ನಂಬುವುದು ಕಷ್ಟವಲ್ಲ. ಏಪ್ರಿಲ್‌ನಲ್ಲಿ ಅಲ್ಲಿಯ ಹೊಲ ನೋಡಿದರೆ ಇನ್ನು ಇದರಲ್ಲಿ ಹಸಿರೆಂಬುದು ಹುಟ್ಟೀತೆ ಎನ್ನಿಸುತ್ತದೆ. ಮೊದಲ ಮಳೆ ಬಿದ್ದ ಎಂಟು ದಿನಕ್ಕೆ ಕಳೆ ಎದ್ದು ನಿಂತಿರುತ್ತದೆ. ಯಾರೂ ಬಿತ್ತಲಿಲ್ಲ, ಅದು ಅಲ್ಲಿಯೆ ಇತ್ತು. ವೈರಸ್ಸಿಗೆ ಮಳೆಯೆಂದರೆ ನಮ್ಮ ಕಾವಲಿನ ಮೈಮರೆವು. ವಯಸ್ಸು ಐವತ್ತು ದಾಟಿದಂತೆ ಆ ವೈರಸ್ಸಿನ ಗುರುತನ್ನು ನೆನಪಿಟ್ಟುಕೊಂಡ ರಕ್ತಕಣಗಳ ಚುರುಕು ಕುಗ್ಗುತ್ತದೆ. ಕ್ಯಾನ್ಸರಿನ ಔಷಧಗಳು, ಬಹುದಿನ ತೆಗೆದುಕೊಂಡ ಸ್ಟಿರಾಯ್ಡು, ಎಚ್‌ಐವಿ ಮೊದಲಾದವು ಕಾವಲನ್ನು ವಯಸ್ಸಿಗೆ ಮುಂಚೆಯೆ ಸಡಿಲಿಸುತ್ತವೆ. ಆಗ ಒಂದು ನರಗಂಟಿನಲ್ಲಿದ್ದವನು ಎಚ್ಚರಗೊಂಡು, ಹತ್ತಿ ಹೋಗಿದ್ದ ಅದೇ ನರದ ದಾರಿಯಲ್ಲಿ ಚರ್ಮಕ್ಕೆ ಇಳಿದು ಬರುತ್ತಾನೆ. ಬಾಲ್ಯದಲ್ಲಿ ಮೈಯೆಲ್ಲ ಹರಡಿದ್ದ ಅಮ್ಮ ಈಗ ಪಕ್ಕೆಲುಬಿನ ಮೇಲೆ ಒಂದು ಪಟ್ಟಿಯಾಗಿ ಕಾಣಿಸಿಕೊಳ್ಳುತ್ತಾಳೆ. ನಾವು ಅವಳನ್ನು ಗುರುತಿಸಲಾರದೆ ಸರ್ಪ ಎನ್ನುತ್ತೇವೆ. ತುಂಗೆ ಭದ್ರೆಗಳೆಂಬ ಎರಡು ಹೆಸರಿನ ಹೊಳೆಗಳು ಕೂಡಲಿಯಲ್ಲಿ ಸೇರಿ ಹೊನ್ನಾಳಿಗೆ ಒಂದಾಗಿ ಬರುತ್ತವೆ. ಇಲ್ಲಿ ಅದಕ್ಕೆ ತಿರುವುಮುರುವು: ಒಂದೇ ಹೊಳೆ ಎರಡು ಹೆಸರಿನಲ್ಲಿ ಹರಿದಿದೆ.

ಇಷ್ಟೇ ಆಗಿದ್ದರೆ ಇದು ತಿಳಿದವರು ತಿಳಿಯದವರಿಗೆ ಹೇಳುವ ವಿಜ್ಞಾನದ ಪಾಠವಾಗುತ್ತಿತ್ತು. ನಾನು ಬರೆಯಲು ಕುಳಿತದ್ದು ಅದಕ್ಕಲ್ಲ, ಅಕ್ಕನ ಮನೆಯಲ್ಲಿ ನಡೆದುದಕ್ಕೆ.

ಅಕ್ಕನಿಗೆ ಐವತ್ತಾರು ತುಂಬಿದ ವರ್ಷ ಬಲಪಕ್ಕೆಯಲ್ಲಿ ಉರಿ ಶುರುವಾಯಿತು. ಉಳುಕಿರಬೇಕೆಂದು ಬಿಸಿನೀರು ಹಾಕಿಕೊಂಡಳು. ನಾಲ್ಕನೆಯ ದಿನ ಗುಳ್ಳೆ ಕಂಡವು. ಬೆನ್ನಿನಿಂದ ಎದೆಯ ಕೆಳಗಿನವರೆಗೆ ಅರ್ಧ ವಡ್ಯಾಣದಂತೆ ಹಬ್ಬಿದ್ದನ್ನು ನೋಡಿದ ಕೂಡಲೆ ನೆರೆಹೊರೆಯವರು ಹೆಸರು ಹೇಳಿದರು, ಕಾರಣವನ್ನೂ ಹೇಳಿದರು. ಆ ಬೇಸಗೆಯಲ್ಲಿ ಹೊಲದ ಬದುವಿನ ಹುತ್ತವೊಂದನ್ನು ಜೆಸಿಬಿ ತರಿಸಿ ಕೆಡವಿಸಿದ್ದರು. ಮಕ್ಕಳು ಆಡುವ ಜಾಗ, ಹಾವಿನ ಭಯವೆಂದು ಕೆಡವಿಸಿರೆಂದವಳು ಸಣ್ಣ ಸೊಸೆ. ಸರಿ, ಲೆಕ್ಕ ಕೂಡಿತು. ಕೆಮ್ಮಣ್ಣು ಬಳಿಸಿದರು, ನಾಗಪ್ರತಿಷ್ಠೆಗೆ ಸಾಲ ಮಾಡಿದರು. ಆಸ್ಪತ್ರೆಗೆ ಹೋದದ್ದು ಹನ್ನೊಂದನೆಯ ದಿನ.

ಅಷ್ಟರಲ್ಲಿ ಇನ್ನೊಂದಾಯಿತು. ಅಜ್ಜಿಯ ಮಡಿಲು ಬಿಟ್ಟಿರದ ಮೂರು ವರ್ಷದ ಮೊಮ್ಮಗುವಿಗೆ ಮೈತುಂಬ ಗುಳ್ಳೆ ಎದ್ದವು. ಬಾಗಿಲಿಗೆ ಬೇವು ಬಂತು. ಅದೂ ಆ ಸಣ್ಣ ಸೊಸೆಯ ಮಗುವೆ. ‘ನಾಗಪ್ಪನೂ ಮುನಿದ, ಅಮ್ಮನೂ ಮುನಿದಳು, ಒಂದೇ ಮನೇಲಿ ಎರಡೂ ಅಂದ್ರೆ ಸುಮ್ನೆ ಅಲ್ಲ’ ಎಂದು ಊರು ಆಡಿಕೊಂಡಿತು. ಭಾವ ಏನೂ ಹೇಳಲಿಲ್ಲ. ಆದರೆ ಅವಳ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ಬಿಟ್ಟರು. ನಾನು ಹೋದಾಗ ಆ ಹುಡುಗಿ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿದಳು: ‘ಮಾವ, ನೀವು ಓದಿದೋರು. ಇದೆಲ್ಲ ನನ್ನಿಂದಾನೇ ಆಗಿದ್ದಾ?’

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಓದಿದ್ದು, ದಾವಣಗೆರೆಯ ಚರ್ಮವೈದ್ಯರನ್ನು ಕೇಳಿದ್ದು. ಉತ್ತರ ಹಳೆಯದೇ ಇತ್ತು. ಬೂದಾಪೆಸ್ಟಿನ ಮಕ್ಕಳ ವೈದ್ಯ ಬೋಕೈ ಎಂಬವರು 1892ರಷ್ಟು ಹಿಂದೆಯೆ, ಸರ್ಪಸುತ್ತಾದ ದೊಡ್ಡವರಿರುವ ಮನೆಯಲ್ಲಿ ಎರಡು ವಾರಕ್ಕೆ ಮಕ್ಕಳಿಗೆ ಅಮ್ಮ ಬರುವುದನ್ನು ಗಮನಿಸಿದ್ದರು. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ಕಾಯಿಲೆಗಳ ಗುಳ್ಳೆಯ ನೀರಿನಿಂದ ವೈರಸ್ಸನ್ನು ಬೆಳೆಸಿ ಅವು ಬೇರೆಯಲ್ಲವೆಂದು ತೋರಿಸಿದರು. ಆದರೆ ನನಗೆ ಹೆಚ್ಚು ಮೆಚ್ಚುಗೆಯಾದವರು ಎಡ್ಗರ್ ಹೋಪ್ ಸಿಂಪ್ಸನ್ ಎಂಬ ಇಂಗ್ಲೆಂಡಿನ ಊರವೈದ್ಯರು. ನಮ್ಮ ಚನ್ನಗಿರಿಯಂಥ ಸಣ್ಣ ಪಟ್ಟಣ ಸೈರೆನ್‌ಸೆಸ್ಟರಿನಲ್ಲಿ ಕುಳಿತು, ತಮ್ಮ ಬಳಿ ಬರುತ್ತಿದ್ದ ಸುಮಾರು 3,500 ಜನರಲ್ಲಿ ಯಾರಿಗೆ ಯಾವಾಗ ಸರ್ಪಸುತ್ತಾಯಿತೆಂದು 16 ವರ್ಷ ಬರೆದಿಟ್ಟರು. ವಯಸ್ಸಿನೊಡನೆ ಅದು ಏರುವುದನ್ನು ಕಂಡರು. ಹೊರಗಿನಿಂದ ಬರುವುದಲ್ಲ, ಬಾಲ್ಯದ ವೈರಸ್ಸು ಒಳಗೇ ಮಲಗಿದ್ದು ಏಳುವುದು ಎಂದು 1965ರಲ್ಲಿ ಬರೆದರು. ಜನ ಕಡಿಮೆಯಿರುವ ದ್ವೀಪಗಳಲ್ಲಿ ದಡಾರ ಬಂದು ಅಳಿದುಹೋಗುತ್ತದೆ, ಅಮ್ಮ ಮಾತ್ರ ಅಳಿಯುವುದಿಲ್ಲ; ಏಕೆಂದರೆ ಅದು ಮುದುಕರ ನರಗಳಲ್ಲಿ ಕಾದಿದ್ದು ಮೊಮ್ಮಕ್ಕಳಿಗೆ ದಾಟುತ್ತದೆ ಎಂಬುದು ಅವರ ವಾದ. ಮುಂದೆ 1980ರ ದಶಕದಲ್ಲಿ, ಅಮ್ಮ ಬಂದಾಗಲೂ ಸರ್ಪಸುತ್ತಾದಾಗಲೂ ಒಬ್ಬನೇ ರೋಗಿಯಿಂದ ತೆಗೆದ ವೈರಸ್ಸನ್ನು ಹೋಲಿಸಿ ನೋಡಿ ಮಾತು ನಿಜವೆಂದು ಸ್ಥಿರಪಡಿಸಿದರು.

ಸಿಡುಬಿಗೂ ಇದಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೆ. ಸಿಡುಬಿನ ವೈರಸ್ಸಿಗೆ ಅಡಗಿ ಕೂರುವ ವಿದ್ಯೆ ತಿಳಿದಿರಲಿಲ್ಲ. ಬದುಕಿ ಉಳಿದವನ ಮೈಯಲ್ಲಿ ಕಲೆ ಬಿಟ್ಟು ಅದು ಹೋಗಿಬಿಡುತ್ತಿತ್ತು. ಆದ್ದರಿಂದಲೆ ಲಸಿಕೆಯ ಬೇಲಿ ಕಟ್ಟಿ ಅದನ್ನು 1980ರ ಹೊತ್ತಿಗೆ ಭೂಮಿಯಿಂದಲೆ ಕಳಿಸಲು ಸಾಧ್ಯವಾಯಿತು. ನಿಜವಾಗಿ ಕಳಿಸಿಕೊಟ್ಟ ಅಮ್ಮ ಅದೊಬ್ಬಳೆ.

ಸೊಸೆಗೆ ನಾನು ಹೇಳಿದ್ದು ಇಷ್ಟು: ‘ಈ ಸರ್ಪ ಹುತ್ತದಿಂದ ಬಂದದ್ದಲ್ಲ ತಾಯಿ. 42 ವರ್ಷದ ಹಿಂದೆ ಚನ್ನಗಿರಿಯ ನಮ್ಮ ಹಳ್ಳಿಮನೆಯಲ್ಲಿ ನಿಮ್ಮತ್ತೆಯ ಮೈಗೆ ಹೊಕ್ಕದ್ದು. ನೀನು ಆಗ ಹುಟ್ಟಿಯೆ ಇರಲಿಲ್ಲ. ಮದುವೆಗೆ ನಮ್ಮ ಅಪ್ಪ ಕೊಟ್ಟ ಪಾತ್ರೆಪಡಗದ ಜೊತೆ ಇದೂ ನಿಮ್ಮ ಮನೆಗೆ ಬಂತು. ಈಗ ಎದ್ದು, ಮಡಿಲಲ್ಲಿ ಮಲಗಿದ್ದ ಮಗುವಿಗೆ ದಾಟಿತು. ಎರಡು ಮುನಿಸಲ್ಲ, ಒಂದೇ ವೈರಸ್ಸು.’ ಪಡಸಾಲೆಯಲ್ಲಿ ಕುಳಿತಿದ್ದ ಭಾವನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೆ ಹೇಳಿದೆ. ಅಕ್ಕ ಒಳಗಿನಿಂದ, ‘ಹಂಗಾದ್ರೆ ನಮ್ಮ ತವರಿನ ಬಳುವಳಿ ಅನ್ನು’ ಎಂದಳು. ಅವಳು ನಕ್ಕದ್ದನ್ನು ಆ ತಿಂಗಳಲ್ಲಿ ಮನೆಯವರು ಕೇಳಿದ್ದು ಅದೇ ಮೊದಲಂತೆ. ಸೊಸೆ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮಗುವಿಗೆ ಗಂಜಿ ಕುಡಿಸಲು ಹೋದಳು. ಮನೆಯ ಮಾತು ಒಂದೇ ದಿನದಲ್ಲಿ ತಿರುಗುವುದಿಲ್ಲ. ಆದರೆ ಸಂಜೆ ಭಾವ ಕಾಫಿ ಕೇಳಿದ್ದು ಅವಳನ್ನೆ.

ಕಾಯಿಲೆಗೆ ಸಂಬಂಧಿಸಿದ ಇನ್ನೊಂದು ಭಯವನ್ನೂ ಇಲ್ಲಿಯೆ ಹೇಳಬೇಕು. ಸರ್ಪದ ಹೆಡೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಕ್ಕ ರಾತ್ರಿ ಎದ್ದೆದ್ದು ಕನ್ನಡಿ ಹಿಡಿದು ನೋಡಿಕೊಳ್ಳುತ್ತಿದ್ದಳಂತೆ, ಎಷ್ಟು ದೂರ ಬಂತೆಂದು. ಬೆನ್ನುಹುರಿಯಿಂದ ಹೊರಡುವ ನರಗಳು 31 ಜೊತೆ. ಎಡದ ನರ ಎಡದ ಅರ್ಧಕ್ಕೆ, ಬಲದ್ದು ಬಲದ ಅರ್ಧಕ್ಕೆ. ಎದ್ದ ವೈರಸ್ಸು ತಾನು ಮಲಗಿದ್ದ ನರದ ಗಡಿಯೊಳಗೇ ಹರಡುವುದರಿಂದ ಪಟ್ಟಿ ಮೈಯ ನಡುಗೆರೆಗೆ ಬಂದು ನಿಲ್ಲುವುದೇ ವಾಡಿಕೆ. ಎರಡು ತುದಿ ಕೂಡುವುದು ತೀರ ಅಪರೂಪ. ಕೂಡಿದ ಮಾತ್ರಕ್ಕೆ ಸಾವೂ ಇಲ್ಲ. ನಮ್ಮ ಹಿರಿಯರು ಅರ್ಧ ಸುತ್ತನ್ನು ಸರಿಯಾಗಿ ಕಂಡಿದ್ದರು. ಉಳಿದರ್ಧವನ್ನು ಭಯ ಪೂರ್ತಿ ಮಾಡಿತು.

ಕೆಮ್ಮಣ್ಣಿನ ವಿಚಾರದಲ್ಲಿ ನಾನು ನ್ಯಾಯವಾಗಿ ಮಾತಾಡಬೇಕು. ನ್ಯಾಮತಿಯ ಹತ್ತಿರ ಹೆಂಡತಿಯ ಊರಿನಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವ ಮುದುಕರೊಬ್ಬರಿದ್ದಾರೆ. ಕಾಸು ಮುಟ್ಟುವುದಿಲ್ಲ, ಒಂದು ತೆಂಗಿನಕಾಯಿ ಸಾಕು. ‘ಒಂಬತ್ತು ದಿನ ಬರೀತೀನಿ ಮೇಷ್ಟ್ರೇ, ಬಾಡಿ ಹೋಗ್ತೈತೆ’ ಎಂದರು. ಅವರು ಸುಳ್ಳಾಡಲಿಲ್ಲ. ಗುಳ್ಳೆಗಳು ಯಾರು ಏನು ಮಾಡಿದರೂ ಮಾಡದಿದ್ದರೂ ಏಳರಿಂದ ಹತ್ತು ದಿನಕ್ಕೆ ಬಾಡುತ್ತವೆ. ‘ಕಣ್ಣಿನ ಹತ್ರ ಬಂದ್ರೆ?’ ಎಂದು ಕೇಳಿದೆ. ‘ಅದನ್ನ ನಾನು ಮುಟ್ಟಾಕಿಲ್ಲ. ಶಿವಮೊಗ್ಗಕ್ಕೆ ಓಡ್ರಿ ಅಂತೀನಿ, ಕಣ್ಣೇ ಹೋಗ್ತೈತೆ’ ಎಂದರು. ಇದು ವೈದ್ಯರೂ ಒಪ್ಪುವ ಮಾತು. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯ. ಅನುಭವದಿಂದ ಕಲಿತ ಆ ಮುದುಕರ ಮೇಲೆ ನನಗೆ ಗೌರವವೇ ಉಂಟಾಯಿತು.

ಕೆಮ್ಮಣ್ಣು ಮೈಗೆ ತಂಪು. ಆದರೆ ಅದು ದಿನಗಳನ್ನು ತಿನ್ನುತ್ತದೆ. ಗುಳ್ಳೆ ಕಂಡ ಮೂರು ದಿನದೊಳಗೆ ಅಸೈಕ್ಲೊವಿರ್ ಅಥವಾ ಅದರ ಜಾತಿಯ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನ. ಈ ಮಾತ್ರೆಯನ್ನು ಕಂಡುಹಿಡಿದ ತಂಡವನ್ನು ನಡೆಸಿದವರು ಗರ್ಟ್ರೂಡ್ ಎಲಿಯನ್; ಔಷಧಗಳ ಕೆಲಸಕ್ಕಾಗಿ 1988ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದವರು. ಪಿಎಚ್.ಡಿ. ಮುಗಿಸದೆ ಸ್ನಾತಕೋತ್ತರ ಪದವಿಗೇ ನಿಂತವರೆಂದು ಓದಿದಾಗ ನನ್ನಂಥ ಬರಿಯ ಎಂ.ಎ.ಗೂ ಸ್ವಲ್ಪ ಧೈರ್ಯ ಬಂತು. ಆ ಮಾತ್ರೆಯ ಜಾಣ್ಮೆಯೂ ಕೇಳುವಂಥದು. ವೈರಸ್ಸು ಬೆಳೆಯುತ್ತಿರುವ ಕಣದಲ್ಲಿ, ವೈರಸ್ಸಿನ ಕೈಯಿಂದಲೆ ಅದು ವಿಷವಾಗಿ ಮಾರ್ಪಡುತ್ತದೆ. ಮಲಗಿರುವ ವೈರಸ್ಸನ್ನು ಮಾತ್ರ ಅದೂ ಮುಟ್ಟಲಾರದು. ಕೆಲಸ ನಿಲ್ಲಿಸಿ ಮಲಗಿದವನನ್ನು ಏನೆಂದು ಹಿಡಿಯುವುದು?

ಮೂರು ದಿನಕ್ಕೆ ಇಷ್ಟು ಬೆಲೆ ಏಕೆಂದರೆ, ಗುಳ್ಳೆ ಹೋದ ಮೇಲೂ ಕೆಲವರಲ್ಲಿ ನೋವು ಹೋಗುವುದಿಲ್ಲ. ವೈರಸ್ಸು ಇಳಿದು ಬಂದ ದಾರಿಯಲ್ಲಿ ನರವೇ ಬೆಂದಿರುತ್ತದೆ. ವಯಸ್ಸಾದಷ್ಟೂ ಇದರ ಕಾಟ ಹೆಚ್ಚು. ಅಕ್ಕನಿಗೆ ಹದಿನಾಲ್ಕು ತಿಂಗಳು ಸೆರಗು ತಾಕಿದರೂ ಉರಿ. ‘ಮಾಗಿ ಚರ್ಮ ಬಂದೈತೆ, ಇನ್ನೆಂಥ ನೋವು?’ ಎಂದು ಕೇಳಿದವರಿಗೆ ತೋರಿಸಲು ಅವಳ ಬಳಿ ಗಾಯವಿರಲಿಲ್ಲ. ಅದಕ್ಕೂ ಔಷಧವಿದೆ, ನರದ ನೋವಿಗೆ ಕೊಡುವ ಔಷಧವೆ ಬೇರೆ. ತೋರಿಸಲು ಗಾಯವಿಲ್ಲದ ನೋವನ್ನು ನಂಬುವುದು ಮನೆಯವರು ಕೊಡಬಹುದಾದ ಮೊದಲ ಮದ್ದು.

ತಡೆಯುವ ದಾರಿಯೂ ಇದೆ. ಜಪಾನಿನ ಮಿಚಿಯಾಕಿ ತಾಕಹಾಶಿ ಎಂಬ ವೈದ್ಯರು, ತಮ್ಮ ಮಗ ಅಮ್ಮ ಬಂದು ನರಳಿದ್ದನ್ನು ಕಂಡು ಕೆಲಸಕ್ಕೆ ತೊಡಗಿ, 1974ರಲ್ಲಿ ಮಕ್ಕಳಿಗೆ ಲಸಿಕೆ ಮಾಡಿದರು. ಐವತ್ತು ದಾಟಿದವರಿಗೆ ಸರ್ಪಸುತ್ತು ಬಾರದಂತೆ ಎರಡು ಸಲ ಚುಚ್ಚುವ ಹೊಸ ಲಸಿಕೆ 2023ರಲ್ಲಿ ನಮ್ಮ ದೇಶಕ್ಕೂ ಬಂದಿದೆ. ಬೆಲೆ ಕೇಳಿದರೆ ನಮ್ಮ ಸೀಮೆಯವರಿಗೆ ಉರಿ ಅಲ್ಲಿಯೆ ಶುರುವಾಗುತ್ತದೆ. ಆದರೂ ಕೊಳ್ಳಬಲ್ಲವರು ವೈದ್ಯರನ್ನು ಕೇಳಿ ನೋಡಬೇಕು. ನಾನೂ ಐವತ್ತರ ಹೊಸ್ತಿಲಿನಲ್ಲಿದ್ದೇನೆ. ಆರು ವರ್ಷದವನಾಗಿದ್ದಾಗ ಬಂದ ಅತಿಥಿ ನನ್ನ ಯಾವುದೋ ನರಗಂಟಿನಲ್ಲಿಯೂ ಮಲಗಿರಲೇಬೇಕು. ಏಳಲೂಬಹುದು, ಏಳದೆಯೂ ಇರಬಹುದು. ಅಮೆರಿಕದವರ ಲೆಕ್ಕದಲ್ಲಿ ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಏಳುತ್ತದೆ. ಅದಕ್ಕಾಗಿ ನಿದ್ದೆ ಕೆಡಿಸಿಕೊಂಡವನಲ್ಲ ನಾನು. ಎಷ್ಟೆಂದರೂ ಅವ್ವ ಮರ್ಯಾದೆಯಿಂದ ಮಾತಾಡಿಸಿದ ಅತಿಥಿ.

ತರಗತಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದ ದಿನ ಒಬ್ಬ ಹುಡುಗಿ ಎದ್ದು, ‘ಸಾರ್, ಹಾಗಾದ್ರೆ ಬೇವಿನ ಮರದ ಬುಡಕ್ಕೆ ಹೋಗಿ ನಾವು ಕಳಿಸಿದ್ದು ಯಾರನ್ನ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಾವು ಕಳಿಸಿದ್ದು ನಮ್ಮ ಅಂಜಿಕೆಯನ್ನು ಎಂದೆ. ಅದನ್ನು ಕಳಿಸುವುದು ತಪ್ಪಲ್ಲ. ನಲವತ್ತು ವರ್ಷ ಕಳೆದು ಕಾಯಿಲೆ ಮತ್ತೆ ಎದ್ದಾಗ ಅಂಜಿಕೆಯನ್ನೂ ಕರೆದು ತಂದು, ಮನೆಯ ಹೆಣ್ಣುಮಗಳೊಬ್ಬಳ ತಲೆಯ ಮೇಲೆ ಕೂರಿಸುವುದು ತಪ್ಪು. ನಮ್ಮ ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನು ಮುಂದೆ ಯಾರ ಮನೆಯಲ್ಲಾದರೂ ಹಿರಿಯರೊಬ್ಬರು ಒಂದೇ ಪಕ್ಕದಲ್ಲಿ ಉರಿ ಎಂದರೆ, ಅವರ ಅಂಗಿಯನ್ನೋ ಸೆರಗನ್ನೋ ಸರಿಸಿ ಚರ್ಮ ನೋಡಿ. ಗುಳ್ಳೆ ಕಂಡರೆ ಯಾರ ಪಾಪವೆಂದು ಎಣಿಸಬೇಡಿ; ಎಷ್ಟು ದಿನವಾಯಿತೆಂದು ಎಣಿಸಿ. ಮೂರರೊಳಗಿದ್ದರೆ ದಾವಣಗೆರೆಯ ಬಸ್ಸೊ ಶಿವಮೊಗ್ಗದ ಬಸ್ಸೊ, ಮೊದಲು ಬಂದದ್ದನ್ನು ಹತ್ತಿ. ಮೂರು ದಾಟಿದ್ದರೂ ಹತ್ತಿ. ಗುಳ್ಳೆ ಒಣಗುವವರೆಗೆ ಮೊಮ್ಮಕ್ಕಳನ್ನು ಸ್ವಲ್ಪ ದೂರವಿಡಿ. ಹುತ್ತ ಇದ್ದಲ್ಲಿ ಇರಲಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.